ಮೂರರವರೆಗೆ ದೋಷವಲ್ಲ

ಪೆಟ್ಟಿಗೆ ಒಡೆದು, ಥರ್ಮಾಕೋಲ್ ಬಿಡಿಸಿ,
ಗೋಡೆಗೆ ನಿಲ್ಲಿಸಿ, ಹಚ್ಚಿದ
ಮೊದಲ ಗಳಿಗೆಗೇ ಕಂಡಿತು ನನಗೆ:
ಎಡಗಡೆ, ಮೇಲಂಚಿನಿಂದ ನಾಲ್ಕು ಬೆರಳು ಕೆಳಗೆ
ಒಂದು ಚುಕ್ಕೆ. ಬಿಳಿ. ರಾಗಿಕಾಳಿನ ಕಾಲು ಭಾಗ.

"ಎಲ್ಲಿ?" ಅಂದರು ಇವರು.
"ಎಲ್ಲಮ್ಮಾ?" ಅಂದಳು ಹರ್ಷಿಣಿ, ಮೂಗು ಪರದೆಗೆ ತಾಗಿಸಿ.
ಪಕ್ಕದ ಮನೆಯ ಫಿಲೋಮಿನಾ ಕನ್ನಡಕ ತಂದು ನೋಡಿ
"ಧೂಳಿರಬೇಕು ಬಿಡು" ಅಂತ ಸೆರಗಿನಲ್ಲಿ ಒರೆಸಿದಳು.
ಹೋಗಲಿಲ್ಲ.

ಹದಿನೇಳು ವರ್ಷ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿಬೀಜ ಆರಿಸಿದ ಕಣ್ಣು ಇದು.
ಕಪ್ಪು, ಒಡಕು, ಸುಕ್ಕಿದ್ದು, ಹುಳು ಕೊರೆದದ್ದು—
ಬೆರಳು ಮೊದಲು ಹೋಗುತ್ತದೆ, ಆಮೇಲೆ ನೋಡುತ್ತೇನೆ.
ಅನ್ನದ ತಟ್ಟೆಯಲ್ಲೂ ಹಾಗೆ. ಮದುವೆಮನೆಯಲ್ಲೂ ಹಾಗೆ,
ನೂರು ಜನರ ನಡುವೆ ಬಿಚ್ಚಿದ ಒಂದು ಹೊಲಿಗೆ
ನನ್ನನ್ನೇ ಕರೆಯುತ್ತದೆ.
ಗುಣವೋ ರೋಗವೋ ಯಾರೂ ಹೇಳಿಲ್ಲ.

ಕೊಳ್ಳುವ ಮೊದಲು ಎರಡು ತಿಂಗಳು ಓದಿದ್ದೆವು
ಕೊಂಡವರು ಬರೆದದ್ದನ್ನೆಲ್ಲ.
ಒಬ್ಬರಿಗೆ ಸದ್ದು ತಗಡು ಬಡಿದ ಹಾಗೆ,
ಅದೇ ಸದ್ದು ಇನ್ನೊಬ್ಬರಿಗೆ ಟಾಕೀಸಿನಲ್ಲಿ ಕೂತ ಹಾಗೆ.
ಒಬ್ಬ ಪುಣ್ಯಾತ್ಮ ಒಂದೇ ನಕ್ಷತ್ರ ಕೊಟ್ಟಿದ್ದ:
"ಪೆಟ್ಟಿಗೆ ಇನ್ನೂ ತೆರೆದಿಲ್ಲ. ತಂದವನು ನೆಟ್ಟಗೆ ಮಾತಾಡಲಿಲ್ಲ."
ಐದು ಕೊಟ್ಟವಳೊಬ್ಬಳು: "ಮಗು ಸುಮ್ಮನೆ ಊಟ ಮಾಡುತ್ತದೆ."
ಚುಕ್ಕೆಯ ಬಗ್ಗೆ ಯಾರೂ ಬರೆದಿರಲಿಲ್ಲ.
ಯಾರಿಗೂ ಕಂಡಿರಲಿಲ್ಲವೋ ಏನೋ.

ಫೋನಿನಲ್ಲಿ ಒಂದು ಒತ್ತಿ, ಎರಡು ಒತ್ತಿ, ಮತ್ತೆ ಒಂದು ಒತ್ತಿ,
ಒಂಬತ್ತನೇ ದಿನ ಬಂದ ಸುಂಟಿಕೊಪ್ಪದ ನೌಫಲ್.
ಇಪ್ಪತ್ತೆರಡಿರಬೇಕು.
ಬೆಳಿಗ್ಗೆ ಸಿದ್ದಾಪುರ, ಈಗ ಇಲ್ಲಿ, ಸಂಜೆಗೆ ಸೋಮವಾರಪೇಟೆ.
ತೋಟದ ದಾರಿಯಲ್ಲಿ ಆನೆ ನಿಂತು ಮುಕ್ಕಾಲು ಗಂಟೆ ತಡವಂತೆ.
ಕಂಪನಿಯ ಕಾರಣಗಳ ಪಟ್ಟಿಯಲ್ಲಿ ಆನೆ ಇಲ್ಲ,
"ಟ್ರಾಫಿಕ್" ಅಂತ ಒತ್ತಿ ಒಳಗೆ ಬಂದ.

ಅವನಿಗೆ ಕೂಡಲೇ ಕಂಡಿತು.
ಎಂಥ ಸಮಾಧಾನ! ನಾನೊಬ್ಬಳೇ ಹೊತ್ತದ್ದು
ಇನ್ನೊಬ್ಬರ ಬೆರಳ ತುದಿಯಲ್ಲಿ.
ಪರದೆ ಕೆಂಪು ಮಾಡಿದ, ಹಸಿರು ಮಾಡಿದ, ಪೂರಾ ಕಪ್ಪು ಮಾಡಿದ.
ಕಪ್ಪಿನಲ್ಲಿ ಅದು ಉರಿಯುತ್ತಿತ್ತು.
ಫೋಟೊ ತೆಗೆದು ಕಳಿಸಿದ. ಕಾದೆವು.
ಉತ್ತರ ಓದಲು ಅವನಿಗೇ ಮುಜುಗರ.
"ಮೂರು ಚುಕ್ಕೆವರೆಗೆ ದೋಷ ಅಲ್ಲ ಅಂತಾರೆ ಅಕ್ಕ.
ನಾಲ್ಕನೇದು ಬಂದರೆ ಕರೀಬೇಕಂತೆ."

ಸಿಟ್ಟು ಬಂತು, ಗಂಟಲವರೆಗೆ.
ಅಲ್ಲಿ ನಿಂತಿತು. ನಮ್ಮ ಮೇಜಿನ ಮೇಲೂ ಅಂಟಿಸಿದ್ದಾರಲ್ಲ ಒಂದು ಹಾಳೆ:
ನೂರಕ್ಕೆ ಇಷ್ಟು ಕಪ್ಪು, ಇಷ್ಟು ಒಡಕು, ಅಡ್ಡಿಯಿಲ್ಲ.
ಅಡ್ಡಿಯಿಲ್ಲದ ಆ ಕೆಲವನ್ನು ಕಂಡೂ ಕಂಡೂ
ಸಂಜೆ ನಾಲ್ಕರ ಮೇಲೆ, ಬೆನ್ನುನೋವಿಗೆ,
ನಾನೇ ಎಷ್ಟು ಸಲ ರಾಶಿಗೆ ಬಿಟ್ಟಿಲ್ಲ.
ಎಲ್ಲೋ ಇಟಲಿಯಲ್ಲಿ ಯಾವಳೋ ಒಬ್ಬಳು
ಒಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟು
"ಏನೋ ಇದೆ ಇದರಲ್ಲಿ" ಅಂದಿರಬಹುದು.
"ಎಲ್ಲಿ?" ಅಂದಿರಬಹುದು ಅವಳ ಮನೆಯವರು.

ಹೊರಡುವಾಗ ನೌಫಲ್ ಹೊಸ್ತಿಲಲ್ಲಿ ನಿಂತ.
"ಮೆಸೇಜ್ ಬರ್ತದೆ ಅಕ್ಕ, ನಕ್ಷತ್ರ ಕೇಳ್ತದೆ.
ಅದು ಟಿವಿಗಲ್ಲ, ನನಗೆ. ನಾಲ್ಕು ಕೊಟ್ಟರೂ
ಸಂಬಳದಲ್ಲಿ ಹಿಡೀತಾರೆ."
ಬಂತು. ಐದು ಖಾಲಿ ನಕ್ಷತ್ರ,
ಮೇಲೆ ಪ್ರಶ್ನೆ: ನಿಮ್ಮ ಸಮಸ್ಯೆ ಬಗೆಹರಿಯಿತೇ?
ಹುಡುಗನಿಗೂ ಚುಕ್ಕೆಗೂ ಒಂದೇ ಸಾಲು.
ಐದೂ ಒತ್ತಿದೆ.
ದೂರು ಮುಕ್ತಾಯಗೊಂಡಿದೆ, ಧನ್ಯವಾದ.

ಈಗ ಇವರು ಹಾಕಿ ನೋಡುವಾಗ
ಚೆಂಡು ಆ ಮೂಲೆಗೆ ಹೋದರೆ ನನಗೆ ಎರಡು ಚೆಂಡು.
ಗೋಲ್ ಅಂತ ಇವರು ಕುರ್ಚಿಯಿಂದ ಹಾರಿದಾಗ
ನನ್ನದು ಅಲ್ಲೇ ಇರುತ್ತದೆ, ಯಾರೂ ಹೊಡೆಯದೆ.

ಕೊಂಡವರ ಸಾಲಿನಲ್ಲಿ ನಾನೂ ಬರೆದೆ:
ಬಣ್ಣ ಚೆನ್ನಾಗಿದೆ. ಸದ್ದು ಸಾಕು.
ಎಡಗಡೆ, ನಾಲ್ಕು ಬೆರಳು ಕೆಳಗೆ, ಒಮ್ಮೆ ನೋಡಿಕೊಳ್ಳಿ.

ನಿನ್ನೆ ರಾತ್ರಿ ಹರ್ಷಿಣಿ, ಕೈಯಲ್ಲಿ ತುತ್ತು ಹಾಗೇ ಹಿಡಿದು,
"ಅಮ್ಮಾ, ಕಂಡ್ತು" ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಇನ್ನು ಕಾಣದ ಹಾಗೆ ನೋಡೋದು ಹೇಗೆ?"